ಅಕ್ಕನ ತಲೆಯ ಮೇಲಿನ ಮಣ್ಣು

ಇಳಕಲ್ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದ ನಾನು ನಿವೃತ್ತನಾಗಿ ಊರಿಗೆ ಬಂದ ಮರುವರ್ಷದ ಬೇಸಿಗೆ ಅದು. ಮಿರಗದ ಮಳೆಗೆ, ಅಂದರೆ ಮೃಗಶಿರಾ ಮಳೆಗೆ, ಇನ್ನೂ ಕೆಲವು ವಾರಗಳಿದ್ದವು. ಗುಡೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಆ ಹೊತ್ತಿಗೆ ಎಲ್ಲರಿಗೂ ಒಂದೇ ಕೆಲಸ. ಕಲ್ಲು-ಮಣ್ಣಿನ ಗೋಡೆ, ಮರದ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ ಇರುವ ಮನೆಗಳು ನಮ್ಮವು. ಮಳೆಗೆ ಮುಂಚೆ ಮಾಳಿಗೆಯ ಮೇಲೆ ನೀರು ಇಳಿಯಗೊಡದ ಹಾಳುಮಣ್ಣನ್ನು ಹೊಸದಾಗಿ ಹರಡಿ, ಬಡಿದು ಗಟ್ಟಿ ಮಾಡಬೇಕು. ಇಲ್ಲದಿದ್ದರೆ ಸೋರುತ್ತದೆ. ನೌಕರಿಯಲ್ಲಿದ್ದಾಗಲೂ ಇದಕ್ಕೆಂದೇ ರಜೆ ಹಾಕಿ ಬರುತ್ತಿದ್ದೆ. ಒಂದು ವರ್ಷವೂ ತಪ್ಪಿಸಿದವನಲ್ಲ. ಅಕ್ಕಪಕ್ಕದವರು ಪಾತ್ರೆ ಇಟ್ಟು ನೀರು ಹಿಡಿಯುವ ಮಳೆಯಲ್ಲೂ ನಮ್ಮ ಮನೆಯೊಳಗೆ ಒಂದು ಹನಿ ಬೀಳುತ್ತಿರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಆ ಮನೆಯ ನಡುಕೋಣೆ ನನ್ನ ಅಕ್ಕ ಗಂಗವ್ವನದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ನನ್ನನ್ನು ಎತ್ತಿ ಆಡಿಸಿದವಳು. ಮೊಣಕಾಲು ನೋವಿನಿಂದ ಗೋಡೆ ಹಿಡಿದೇ ಏಳಬೇಕು. ಆದರೂ ಮನೆಯಲ್ಲಿ ನಡೆಯುವುದು ಅವಳ ಮಾತೇ.

ಒಂದು ಬೆಳಿಗ್ಗೆ ಸವಿತಾ ಎಂಬ ಹುಡುಗಿ ಜೀಪಿನಲ್ಲಿ ಬಂದಳು. ಬಾದಾಮಿ ಕಡೆಯವಳು, ಇಂಜಿನಿಯರಿಂಗ್ ಓದಿ ಸಂಶೋಧನೆ ಮಾಡುತ್ತಿದ್ದಳು. ಭೂಕಂಪವಾದರೆ ನಮ್ಮ ಜಿಲ್ಲೆಯ ಯಾವ ಊರಿನ ನೆಲ ಎಷ್ಟು ಅಲುಗಾಡಬಹುದು ಎಂದು ಅಳೆಯುವುದು ಅವಳ ಕೆಲಸ. ನೆಲದ ಸಣ್ಣ ನಡುಕವನ್ನು ಹಿಡಿಯುವ ಒಂದು ಯಂತ್ರವನ್ನು ನಮ್ಮ ಹಿತ್ತಲಿನಲ್ಲಿ ಸ್ವಲ್ಪ ಹೊತ್ತು ಇಡಲು ಅನುಮತಿ ಕೇಳಿದಳು. ಸುತ್ತ ಯಾರೂ ಓಡಾಡಬಾರದು, ಗಾಡಿ ಹೋಗಬಾರದು ಎಂದಳು.

ಇಂಥ ಕೆಲಸ ನನಗೆ ಬಹಳ ಒಪ್ಪುತ್ತದೆ. ಓಣಿಯ ಎರಡೂ ತುದಿಗೆ ನಿಂತು ಟ್ರ್ಯಾಕ್ಟರ್ ತಡೆದೆ, ಕುರಿ ಹಿಂಡನ್ನು ಬೇರೆ ದಾರಿಗೆ ತಿರುಗಿಸಿದೆ, ಹಿಟ್ಟಿನ ಗಿರಣಿಯನ್ನು ನಿಲ್ಲಿಸಿದೆ. ಎಲ್ಲರಿಗೂ ಸುಮ್ಮನಿರಲು ಬಸ್ ನಿಲ್ದಾಣದ ದನಿಯಲ್ಲಿ ಕೂಗಿ ಹೇಳುತ್ತಿದ್ದೆ. ಅಕ್ಕ ಒಳಗಿನಿಂದಲೇ ಹೇಳಿದಳು: "ಮೊದಲ ನೀ ಒದರೂದು ನಿಂದರಸೋ ತಮ್ಮಾ. ಆ ಡಬ್ಬ್ಯಾಗ ನಿನ್ನ ಭೂಕಂಪನ ಬಂದಿರತೈತಿ."

ಕೆಲಸ ಮುಗಿದ ಮೇಲೆ ನಾನು, ನನ್ನ ಹೆಂಡತಿ ಸವಿತಾಳನ್ನು ಚಹಾಕ್ಕೆ ಒಳಗೆ ಕರೆದೆವು. ಅಕ್ಕನ ಪಕ್ಕದಲ್ಲಿ ಕುಳಿತವಳು ಕಪ್ಪು ಕೈಗೆ ತೆಗೆದುಕೊಂಡು ಮೇಲೆ ನೋಡಿದಳು. ಬೆಳಕಿಂಡಿಯ ಅಂಚಿನಲ್ಲಿ ಮಾಳಿಗೆಯ ಮಣ್ಣಿನ ದಪ್ಪ ಕಾಣುತ್ತದೆ. ಮೇಲೆ ಎಷ್ಟು ಮಣ್ಣಿದೆ ಎಂದು ಕೇಳಿದಳು. ನಾನು ಉತ್ಸಾಹದಿಂದ ನನ್ನ ಸೊಂಟಕ್ಕೆ ಕೈಯಿಟ್ಟು ತೋರಿಸಿದೆ. ನಮ್ಮಪ್ಪನ ಕಾಲದ್ದರ ಮೇಲೆ ನಾನು ವರ್ಷ ವರ್ಷ ಹಾಕಿದ್ದು, ಊರಲ್ಲೇ ಇಂಥ ಮಾಳಿಗೆ ಇನ್ನೊಂದಿಲ್ಲ ಎಂದೆ.

ಸವಿತಾ ಕಪ್ಪು ಹಿಡಿದುಕೊಂಡು ಎದ್ದಳು, ಬಾಗಿಲ ಹೊರಗೆ ಹೋಗಿ ನಿಂತು ಚಹಾ ಕುಡಿದಳು.

ನನಗೆ ಸ್ವಲ್ಪ ಕೋಪ ಬಂತು. ಹೊರಗೆ ಬಂದು, ಭೂಕಂಪ ಯಾವಾಗ ಆಗುತ್ತದೆಂದು ಹೇಳು, ಆ ದಿನ ನಾವೂ ಹೊರಗೆ ನಿಲ್ಲುತ್ತೇವೆ ಎಂದೆ.

"ಯಾವಾಗ ಅಂತ ಯಾರಿಗೂ ಹೇಳಾಕ ಬರೂದಿಲ್ರಿ ಕಾಕಾ," ಎಂದಳು. "ಬಂದ್ರ ಎಷ್ಟು ಅಲಗಾಡಬಹುದು ಅನ್ನೂದು ಅಷ್ಟ ಅಂದಾಜು ಮಾಡ್ತೇವಿ. ಇಳಕಲ್ಲಿನ ಬಂಡಿಗಲ್ಲಿನ ಮ್ಯಾಲಿನ ಮನಿಗಿಂತ ಈ ಎರಿ ಮಣ್ಣಿನ ಮ್ಯಾಲಿನ ಮನಿ ಜಾಸ್ತಿ ಅಲಗಾಡತೈತ್ರಿ. ಬರಿಗೈಲೆ ನಿಂತಾಕಿನ್ನ ದಬ್ಬಿದ್ರ ಹೆಂಗರ ಸಂಬಾಳಿಸ್ಕೋತಾಳ. ತಲಿ ಮ್ಯಾಲೆ ಎರಡು ತುಂಬಿದ ಕೊಡಾ ಹೊತ್ತಾಕಿನ್ನ ದಬ್ಬಿದ್ರ?"

ಅವಳ ಜೀಪು ಹೋದ ಮೇಲೆ ಏಣಿ ಹತ್ತಿ ಮಾಳಿಗೆಯ ಮೇಲೆ ನಿಂತೆ. ಅಷ್ಟು ವರ್ಷ ಅಲ್ಲಿ ಓಡಾಡಿದ್ದೆ, ಆದರೆ ನನ್ನ ಕಾಲ ಕೆಳಗೆ ನೇರವಾಗಿ ಅಕ್ಕನ ಹಾಸಿಗೆ ಇದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಸೋರದ ಹಾಗೆ ನೋಡಿಕೊಂಡಿದ್ದೆ, ಭಾರ ನೋಡಿರಲಿಲ್ಲ. ಇಳಿದು ಬಂದವನೇ ಹಳೆಯ ಮಣ್ಣು ತೆಗೆಸುವುದೆಂದು ತೀರ್ಮಾನ ಮಾಡಿದೆ.

ಅಕ್ಕ ಒಪ್ಪಲಿಲ್ಲ. ಅಪ್ಪ ಹಾಕಿದ ಮಣ್ಣು ತೆಗೆಯಲು ನೀನು ಯಾರು ಎಂದಳು. ಮಳೆ ಎದುರಿಗಿರುವಾಗ ಮಾಳಿಗೆ ಕೀಳುವವರನ್ನು ಎಲ್ಲಿಯೂ ಕಂಡಿಲ್ಲ ಎಂದಳು. ಆ ಹುಡುಗಿ ಹೊರಗೆ ಎದ್ದು ಹೋದದ್ದನ್ನು ನಾನು ನೆನಪಿಸಿದೆ. "ಆಕಿಗೆ ಹೊರಗ ಹೋಗಾಕ ಕಾಲು ಅದಾವು. ನನಗ ಕಾಲಿಲ್ಲ," ಎಂದಳು ಅಕ್ಕ. ಅದಕ್ಕೇ ತೆಗೆಸುತ್ತಿದ್ದೇನೆ ಎಂದೆ. ಮರುದಿನ ನಾನು ಅವಳ ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ನಡೆದಾಗ ಬೈಯುತ್ತಲೇ ಹಿಂದೆ ಬಂದಳು.

ಊರವರಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಎಲ್ಲರ ಮಾಳಿಗೆಗೆ ಮಣ್ಣು ಏರುತ್ತಿದ್ದರೆ ನಮ್ಮ ಮಾಳಿಗೆಯಿಂದ ಇಳಿಯುತ್ತಿತ್ತು. ಕಟ್ಟೆಯ ಮೇಲೆ ಕುಳಿತವರು, ಕಂಟ್ರೋಲರ್ ಸಾಹೇಬರು ಮಳೆಗೂ ನಿಲುಗಡೆ ಇಲ್ಲವೆಂದು ಬೋರ್ಡು ಹಾಕಿದ್ದಾರೇನು ಎಂದು ಕೇಳುತ್ತಿದ್ದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆಳುಗಳಿಗೆ ನಾನೇ ಪಾಳಿ ಹಾಕಿಕೊಟ್ಟು ಎದುರಿಗೆ ನಿಂತು ಮಾಡಿಸಿದೆ. ಟ್ರ್ಯಾಕ್ಟರ್ ತುಂಬಿ ತುಂಬಿ ಹೋದರೂ ಮಣ್ಣು ಮುಗಿಯಲೊಲ್ಲದು. ಇಷ್ಟನ್ನೆಲ್ಲ ಹೊತ್ತು ಹಾಕಿದವನು ನಾನೇ ಎಂದು ನಂಬುವುದು ಕಷ್ಟವಾಯಿತು.

ನಡುಕೋಣೆಯ ಮೇಲಿನ ಮಣ್ಣು ಪೂರ್ತಿ ಇಳಿದ ದಿನ ಬಸಪ್ಪ ಎಂಬ ಆಳು ನನ್ನನ್ನು ಮೇಲೆ ಕರೆದ. ದೊಡ್ಡ ತೊಲೆ ಗೋಡೆಯೊಳಗೆ ಸೇರುವ ತುದಿಗೆ ಹಾರೆಯ ಮೊನೆ ತಾಗಿಸಿ ತೋರಿಸಿದ. ಹಾರೆ ಹಿಟ್ಟಿನೊಳಗೆ ಹೋದಂತೆ ಹೋಯಿತು. ಹೊರಗೆ ಕಾಣುವಷ್ಟು ಭಾಗ ಎಣ್ಣೆ ಹಚ್ಚಿದ್ದರಿಂದ ಮಿನುಗುತ್ತಿತ್ತು. ಗೋಡೆಯೊಳಗಿನ ಭಾಗವನ್ನು ಗೆದ್ದಲು ತಿಂದು ಮುಗಿಸಿತ್ತು.

"ಇದಕ್ಕ ಭೂಕಂಪ ಯಾಕ ಬೇಕಿತ್ರಿ ಸಾಹೇಬ್ರ," ಎಂದ ಬಸಪ್ಪ. "ಯಾರರ ಸಿಟ್ಟಿಲೆ ಬಾಗ್ಲಾ ಹಾಕಿದ್ರ ಸಾಕಿತ್ತು."

ಆ ತುದಿಯ ಕೆಳಗೇ ಅಕ್ಕನ ದಿಂಬು ಇರುತ್ತಿತ್ತು. ಕೆಳಗಿಳಿದು ಅವಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅವಳು ಅಂಗಳದಿಂದ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ವರ್ಷಾ ವರ್ಷಾ ನನ್ನ ಮ್ಯಾಲೆ ಮಣ್ಣು ಹಾಕಿದೆಲ್ಲೋ ತಮ್ಮಾ. ನಾನ ಗಟ್ಟಿ ಇದ್ದೆ," ಎಂದಳು. ನಗಲು ಹೋದಳು, ಕಣ್ಣಲ್ಲಿ ನೀರು ಬಂತು. ನಾನು ಅವಳ ಪಕ್ಕದಲ್ಲಿ ಕುಳಿತೆ. ಬಸಪ್ಪ ಮೇಲಿನಿಂದ ಮುಂದೇನು ಮಾಡಬೇಕೆಂದು ಕೂಗುತ್ತಿದ್ದ. ಜೀವನದಲ್ಲಿ ಮೊದಲ ಸಲ ನನಗೆ ಮುಂದಿನ ಕೆಲಸ ತೋಚಲಿಲ್ಲ.

ಮಿರಗಕ್ಕೆ ಮುಂಚೆ ಹೊಸ ತೊಲೆ ಕೂರಿಸಿದೆವು. ಜಂತಿಗಳ ಮೇಲೆ ತಾಡಪಾಲು ಹಾಸಿ, ಅದರ ಮೇಲೆ ಗೇಣಿಗಿಂತ ಕಡಿಮೆ ಮಣ್ಣು ಹರಡಿದೆವು. ಮೊದಲ ಮಳೆಗೆ ಒಂದು ಮೂಲೆ ಸೋರಿತು. ಅಕ್ಕ ಅದನ್ನು ಊರಿಗೆಲ್ಲ ಹೇಳಿದಳು. ನಾನು ಹತ್ತಿ ಸರಿಪಡಿಸಿದೆ.

ಈಗ ಬೇಸಿಗೆ ಬಂದರೆ ನಾನು ಮನೆ ಮನೆಗೆ ಹೋಗುತ್ತೇನೆ. ಮಾಳಿಗೆಗೆ ಹೊಸ ಮಣ್ಣು ಹಾಕುವ ಮೊದಲು ಅಷ್ಟೇ ಹಳೆಯದನ್ನು ಇಳಿಸಿ, ತೊಲೆಯ ತುದಿ ನೋಡಿ ಎಂದು ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ನಗುತ್ತಾರೆ. ನಗುವವರ ಮನೆಗೆ ಮತ್ತೊಮ್ಮೆ ಹೋಗುತ್ತೇನೆ.

ನಮ್ಮ ಊರಿನ ನೆಲ ಎಂದಾದರೂ ಅಲುಗಾಡಬಹುದು, ನನ್ನ ಕಾಲದಲ್ಲಿ ಅಲುಗಾಡದೆಯೂ ಇರಬಹುದು. ಅದು ನನ್ನ ಕೈಯಲ್ಲಿಲ್ಲ. ಅಕ್ಕನ ಮೇಲೆ ಬೀಳುವುದು ಎಷ್ಟು ಎಂಬುದು ಮಾತ್ರ ನನ್ನ ಕೈಯಲ್ಲಿತ್ತು. ಈಗ ಮಾಳಿಗೆಯ ಮೇಲೆ ಇರುವಷ್ಟು ಮಣ್ಣು ಬಿದ್ದರೂ, ಅದನ್ನು ನಾನು, ನನ್ನ ಹೆಂಡತಿ ಇಬ್ಬರೇ ಕೈಯಿಂದ ಸರಿಸಿ ಅವಳನ್ನು ಎಬ್ಬಿಸಬಲ್ಲೆವು.