ಬಂಡೆಯ ಬುಡಕ್ಕೆ ಎರಡು ದಾರಿ

ಅಂಬಾಜಿದುರ್ಗದ ಹಿಂಬದಿಯಲ್ಲಿ ನಾವು ಹತ್ತಬೇಕೆಂದಿದ್ದ ಬಂಡೆಯ ಬುಡ ಸೇರಲು ಎರಡು ದಾರಿಗಳಿದ್ದವು. ಒಂದು, ರಾಗಿ ಹೊಲದ ಬದುವಿನ ಮೇಲೆ ನೇರವಾಗಿ ಹೋಗುವುದು. ಇನ್ನೊಂದು, ಲಂಟಾನ ಮುಚ್ಚಿದ ಕೊರಕಲು. ಕಾಲಿಟ್ಟಲ್ಲೆಲ್ಲ ಕಲ್ಲು ಜಾರುತ್ತದೆ. ನಾನು ಹೊಲದ ದಾರಿ ಆರಿಸಿದೆ. ಬುಡ ಸೇರುವಷ್ಟರಲ್ಲೇ ದಣಿದರೆ ಬಂಡೆಯ ಮೇಲೆ ಕೈಕಾಲು ಮಾತು ಕೇಳುವುದಿಲ್ಲ.

ಜೊತೆಗಿದ್ದವರು ಗೆಳತಿ ಮತ್ತು ಅವಳ ಅಣ್ಣ. ಗೆಳತಿಯೂ ನಾನೂ ಕುಡುಮಲಕುಂಟೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆವು. ಅವಳಿಗೆ ಬಂಡೆ ಹತ್ತುವುದನ್ನು ಕಲಿಸಿದವಳು ನಾನೇ.

ಬದುವಿನ ಮೇಲೆ ಹೊಲದ ಯಜಮಾನಿ ಹುಲ್ಲು ಕೊಯ್ಯುತ್ತಿದ್ದರು. ಹೋಗಬಹುದಾ ಎಂದು ಗೆಳತಿ ಕೇಳಿದಳು.

"ಹೋಗ್ರಮ್ಮ, ಅದಕ್ಕೇನು. ಯಾವೂರು? ಯಾರ ಪೈಕಿ?"

ಗೆಳತಿ ಊರನ್ನೂ ತಾತನ ಹೆಸರನ್ನೂ ಹೇಳಿದಳು. ಆಕೆಯ ಮುಖ ಅರಳಿತು. "ನಮ್ಮೋರೇ ಅಲ್ವಾ." ಆಮೇಲೆ ನನ್ನ ಕಡೆ ತಿರುಗಿದರು. "ನೀನಮ್ಮ?"

"ಮಂಚೇನಹಳ್ಳಿ ಹತ್ರ."

"ಊರೊಳಗಾ, ಕಾಲೋನಿನಾ?"

"ಕಾಲೋನಿ."

ಆಕೆ ಬೈಯಲಿಲ್ಲ. ಮೆತ್ತಗೇ ಹೇಳಿದರು. "ಮುಂದೆ ನಮ್ಮನೆ ದೇವರ ಕಲ್ಲೈತೆ ಕಣಮ್ಮ. ನೀನು ಕೊರಕಲಾಗೆ ಹೋಗು. ಬೇಜಾರು ಮಾಡ್ಕೋಬ್ಯಾಡ."

ಗೆಳತಿ ಏನಾದರೂ ಹೇಳುತ್ತಾಳೆಂದು ಕಾದೆ. ಅವಳು ಶೂ ಲೇಸ್ ಬಿಗಿದುಕೊಳ್ಳುತ್ತಿದ್ದಳು. ಅವಳಣ್ಣ ನನ್ನ ಚೀಲದಿಂದ ಹಗ್ಗ ತೆಗೆದುಕೊಂಡ. "ಆ ದಾರೀಲಿ ನಿನಗೆ ಭಾರ ಆಗುತ್ತೆ. ಬಂಡೆ ಬುಡದಲ್ಲಿ ಸಿಗೋಣ."

ಮನೆಗೆ ಹೋಗಿಬಿಡಬಹುದಿತ್ತು. ಆದರೆ ಆ ಬಂಡೆಯ ಮೇಲೆ ನನಗೆ ತುಂಬ ದಿನದ ಆಸೆ. ಕೊರಕಲಿಗಿಳಿದೆ. ಮುಳ್ಳು ತೋಳನ್ನೆಲ್ಲ ಗೀರಿತು. ಕಾಲಡಿಯ ಕಲ್ಲು ಉರುಳಿ, ಮಂಡಿ ಹೋಗಿ ಪಕ್ಕದ ಕಲ್ಲಿಗೆ ಬಡಿಯಿತು.

ಬುಡ ತಲುಪಿದಾಗ ಅವಳಣ್ಣ ಆಗಲೇ ಅರ್ಧ ಹತ್ತಿದ್ದ. ಗೆಳತಿ ಕೆಳಗೆ ಹಗ್ಗ ಹಿಡಿದು ನಿಂತಿದ್ದಳು.

"ಬಿಸಿಲೇರುತ್ತೆ ಅಂತ ಶುರು ಮಾಡಿದ್ವಿ ಕಣೇ. ಆ ಯಮ್ಮ ಮಜ್ಜಿಗೆ ಕೊಟ್ರು. ನಿನಗೂ ತರೋಣ ಅಂದ್ರೆ, ಅವರ ಚೊಂಬು, ಹೆಂಗೆ ಕೇಳೋದು?"

"ಒಂದು ಮಾತು ಹೇಳಬಹುದಿತ್ತಲ್ಲ ನೀನು."

"ಸುಮ್ನೆ ಯಾಕೆ ಜಗಳ? ನಿನಗೂ ದಾರಿ ಸಿಕ್ತಲ್ಲ."

ನನ್ನ ಸರದಿ ಬರುವ ಹೊತ್ತಿಗೆ ಮಂಡಿ ಊದಿ ಮಡಚಲು ಬರುತ್ತಿರಲಿಲ್ಲ. ಅವರಿಬ್ಬರೂ ತುದಿ ಮುಟ್ಟಿ ಬರುವ ತನಕ ಚೀಲ ಕಾಯುತ್ತ ಕೂತೆ. ಇಳಿಯುವಾಗ ಅವರು ಹೊಲದಲ್ಲಿ, ನಾನು ಕೊರಕಲಲ್ಲಿ.

ಸೋಮವಾರ ಲ್ಯಾಬಿನಲ್ಲಿ ಗೆಳತಿ ಫೋಟೋ ತೋರಿಸುತ್ತಿದ್ದಳು. ನಾನು ಕುಂಟುವುದನ್ನು ಕಂಡು ಯಾರೋ ಕಾರಣ ಕೇಳಿದರು.

"ಶಾರ್ಟ್‌ಕಟ್ ಅಂತ ಹೋಗಿ ಬಿದ್ಲು," ಎಂದಳು. ಎಲ್ಲರೂ ನಕ್ಕರು.

ನಡೆದದ್ದನ್ನು ಹೇಳಿದೆ. ನಗು ನಿಂತಿತು. ಗೆಳತಿ ಫೋನು ಜೇಬಿಗೆ ಹಾಕಿಕೊಂಡಳು.

"ಎಲ್ಲದಕ್ಕೂ ಜಾತಿ ತರ್ತೀಯಲ್ಲ ನೀನು," ಎಂದಳು.

ಅವರವರ ಮೇಜಿಗೆ ಅವರವರು ಹೋದರು.