ಕೆಟಲ್ ನೀರು ಚಹಾಕ್ಕೆ ಮಾತ್ರ

ಬೆಳಗಿನ ಏಳು ಗಂಟೆ. ದೊಲೊನ್ ಘಟ್ಟದ ಬುಡದಲ್ಲಿ ಚಳಿ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿದೆ. ಬುರ್ಮಾಕ್ಕ ತಗಡಿನ ತಟ್ಟೆಯಲ್ಲಿ ಕೆಂಡ ಹಿಡಿದು ತಮ್ಮ ಚಹಾದಂಗಡಿಯಿಂದ ಹೊರಬರುತ್ತಾರೆ. ಕಂಕುಳಲ್ಲಿ ಮರದ ಸುತ್ತಿಗೆ. ರಾತ್ರಿ ತಂಗಿದ್ದ ಕಲ್ಲಿದ್ದಲಿನ ಲಾರಿಗಳಲ್ಲಿ ಒಂದರ ಹಿಂದಿನ ಚಕ್ರ ತಿರುಗುತ್ತಿಲ್ಲ, ಹಿಮದ ಮೇಲೆ ಜಾರುತ್ತಿದೆ.

"ಹ್ಯಾಂಡ್‌ಬ್ರೇಕ್ ಎಳೆದು ಮಲಗಿದ್ಯೇನೋ?"

ಚಾಲಕ ಮಕ್ಸೂತ್ ಈ ದಾರಿಗೆ ಹೊಸಬ. "ಇಳಿಜಾರಲ್ವಾ ಅಕ್ಕ, ಎಳೀದೆ ಇರೋಕಾಗುತ್ತಾ?"

"ಒದ್ದೆ ಬ್ರೇಕು ಡ್ರಮ್ಮಿಗೆ ಅಂಟ್ಕೊಂಡು ಹೆಪ್ಪುಗಟ್ಟಿದೆ. ಒಂದು ಗಂಟೆ ಕೂತ್ಕೋ."

"ಒಂದು ಗಂಟೆನಾ! ಒಲೆ ಮೇಲಿನ ಕೆಟಲ್ ಕೊಡಿ, ಸುರಿದ್ರೆ ಒಂದೇ ನಿಮಿಷ."

"ಕೊಡಲ್ಲ."

"ನೀರಿಗೂ ಜಿಪುಣತನವಾ? ಸುತ್ತ ಇಷ್ಟು ಹಿಮ ಬಿದ್ದಿದೆ, ಮತ್ತೆ ಕಾಯಿಸ್ಕೊಳ್ಳಿ!"

ಹಳೆಯ ಚಾಲಕ ಎಸೆನ್‌ಗುಲ್ ಗಡ್ಡದ ಹಿಮ ಕೊಡವುತ್ತಾನೆ. "ಅಂಗಡಿ ಕೇಳು, ಬರೆದು ಕೊಟ್ಟಾರು. ಕೆಟಲ್ ಮಾತ್ರ ಕೇಳ್ಬೇಡ."

ಬುರ್ಮಾಕ್ಕ ನಗುವುದಿಲ್ಲ. ಮಂಡಿಯೂರಿ, ಡ್ರಮ್ಮಿನ ಕೆಳಗೆ ಕೆಂಡದ ತಟ್ಟೆ ಸರಿಸಿ, ಸುತ್ತಲೂ ಮೆಲ್ಲಗೆ ಬಡಿಯತೊಡಗುತ್ತಾರೆ.

ಅವರ ಗಂಡ ಜಾಪರ್ ಕೂಡ ಇದೇ ದಾರಿಯ ಚಾಲಕ. ಹದಿನಾಲ್ಕು ಚಳಿಗಾಲದ ಹಿಂದೆ ಅವನ ಚಕ್ರವೂ ಹೀಗೇ ಹಿಡಿದಿತ್ತು. ಆ ದಿನದ ಸಾಲಿನಲ್ಲಿ ನನ್ನ ಲಾರಿಯೂ ಇತ್ತು. ಕುದಿಯುವ ಕೆಟಲ್ ತಂದು ಸುರಿದವರು ಬುರ್ಮಾಕ್ಕನೇ. ಚಕ್ರ ಬಿಟ್ಟಿತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ನೀರು ಬ್ರೇಕಿನ ತಂತಿಯ ಕೊಳವೆಯೊಳಗೆ ಇಳಿದು ಮತ್ತೆ ಮಂಜುಗಡ್ಡೆಯಾದದ್ದು ಯಾರಿಗೂ ಕಾಣಲಿಲ್ಲ. ಘಟ್ಟದ ಮೇಲೆ ಜಾಪರ್ ಲಾರಿ ನಿಲ್ಲಿಸಿ ಹ್ಯಾಂಡ್‌ಬ್ರೇಕಿನ ಹಿಡಿಕೆ ಎಳೆದ. ಹಿಡಿಕೆ ಬಿಗಿಯಾಗಿ ನಿಂತಿತು, ಬ್ರೇಕು ಹಿಡಿದಿರಲಿಲ್ಲ. ಟಾರ್ಪಾಲಿನ ಹಗ್ಗ ಬಿಗಿಯಲು ಅವನು ಲಾರಿಯ ಹಿಂದಕ್ಕೆ ಹೋಗಿದ್ದಾಗ ಲಾರಿ ಹಿಂದಕ್ಕೆ ಉರುಳಿತು.

"ಮಣ್ಣು ಮಾಡೋಕೆ ನೆಲಾನೂ ಕೆಂಡ ಹಾಕೇ ಕರಗಿಸಿದ್ರು," ಎನ್ನುತ್ತಾರೆ ಬುರ್ಮಾಕ್ಕ. "ಕೆಂಡ ನಿಧಾನ, ಆದ್ರೆ ಒಣಗಿಸುತ್ತೆ ಅಂತ ಅವತ್ತು ಕಂಡೆ."

ಈಗ ಅವರಿಗೆ ಅರವತ್ತೆರಡು. ನವೆಂಬರಿನಿಂದ ಮಾರ್ಚ್‌ವರೆಗೆ ದಿನಕ್ಕೆ ಐದಾರು ಚಕ್ರಗಳಾದರೂ ಅವರ ಕೈಯಿಂದಲೇ ಬಿಡಬೇಕು. ಎಡಗೈಯ ಎರಡು ಬೆರಳ ತುದಿ ಚಳಿಗೆ ಕರಕಾಗಿ ಉದುರಿವೆ. ಬಾಗಿಲ ಬಳಿ ಅವರೇ ಕೆತ್ತಿದ ಮರದ ಅಡೆಗಳ ರಾಶಿ. ಒಂದೊಂದಕ್ಕೂ ಉದ್ದನೆಯ ಹಗ್ಗ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲೇ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಹಗ್ಗದ ತುದಿಯನ್ನು ಲಾರಿಯ ಬಾಗಿಲ ಹಿಡಿಗೆ ಕಟ್ಟಬೇಕು. "ಬೆಳಿಗ್ಗೆ ಮರೆತು ಹತ್ತೋಕೆ ಹೋದ್ರೆ ಹಗ್ಗವೇ ಕೈ ಹಿಡ್ಕೊಳ್ಳುತ್ತೆ."

ಎಂಟು ಗಂಟೆಗೆ ಡ್ರಮ್ಮು ಟಕ್ ಎನ್ನುತ್ತದೆ. ಬುರ್ಮಾಕ್ಕ ಆಗಲೂ ಏಳುವುದಿಲ್ಲ. ಕೈಗವಸು ಕಳಚಿ, ಒದ್ದೆ ಉಳಿದಿದೆಯೇ ಎಂದು ತುಂಡು ಬೆರಳಿನಿಂದ ಮುಟ್ಟಿ ನೋಡಿ, ಇನ್ನೂ ಕಾಲು ಗಂಟೆ ಕೆಂಡ ಹಿಡಿಯುತ್ತಾರೆ.

ಅಷ್ಟರಲ್ಲಿ ಎಸೆನ್‌ಗುಲ್ ಎಲ್ಲವನ್ನೂ ಮಕ್ಸೂತ್‌ಗೆ ಹೇಳಿ ಮುಗಿಸಿದ್ದಾನೆ. ಮಕ್ಸೂತ್ ರಾಶಿಯಿಂದ ಅಡೆಯೊಂದನ್ನು ಎತ್ತಿಕೊಂಡು, ಖಾಲಿ ಬಟ್ಟಲು ಚಾಚುತ್ತಾನೆ. "ಅಕ್ಕ, ಚಹಾಕ್ಕಾದ್ರೆ ನೀರು ಕೊಡ್ತೀರಲ್ವಾ?"

"ಕುಡಿ, ಎಷ್ಟು ಬೇಕಾದ್ರೂ ಕುಡಿ."

ಬಟ್ಟಲು ತುಂಬುತ್ತದೆ. ಕೆಟಲನ್ನು ಒಲೆಗೆ ಹಿಂತಿರುಗಿಸುತ್ತ, ಯಾರ ಮುಖವನ್ನೂ ನೋಡದೆ ಬುರ್ಮಾಕ್ಕ ಹೇಳುತ್ತಾರೆ: "ಹದಿನಾಲ್ಕು ಚಳಿಗಾಲ ಆಯ್ತು. ಇದರಿಂದ ಒಂದು ಹನಿನೂ ಚಕ್ರಕ್ಕೆ ಹೋಗಿಲ್ಲ."