ಕಾಳು ಮೂಸುವ ಡಾಕ್ಟರು

ಕಾಳಿನ ಬೂಷ್ಟಿನಲ್ಲಿ ಹುಟ್ಟುವ ವಿಷದ ಮೇಲೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಗುಲಶನ ಬೆಳಗಾವಿಯಲ್ಲಿ ಯಾರ ಮನೆಗೆ ಹೋದರೂ ಮೊದಲು ಜೋಳದ ಡಬ್ಬಿಯಲ್ಲಿ ಮೂಗು ತೂರಿಸುತ್ತಿದ್ದರು. ಅವರನ್ನು ಕಂಡರೆ ಸಾಕು, ರವಿವಾರ ಪೇಟೆಯ ವ್ಯಾಪಾರಿಗಳು ತಾವಾಗಿಯೇ ಚೀಲ ಬಿಚ್ಚುತ್ತಿದ್ದರು. ಮದುವೆಯ ಊಟದಲ್ಲಿ ಅವರು ಬಿರಿಯಾನಿ ಮೂಸಿ ತಲೆದೂಗುವವರೆಗೆ ಪಕ್ಕದವರು ತುತ್ತೆತ್ತುತ್ತಿರಲಿಲ್ಲವಂತೆ. ಎಪ್ಪತ್ತೆಂಟರ ಮಳೆಗಾಲದಲ್ಲಿ ಜಾಂಬೋಟಿಯ ಕಾಶವ್ವನ ಮನೆಯ ಅಕ್ಕಿಗೆ ಬೂಷ್ಟು ಹಿಡಿದಿತ್ತು. “ತೊಳದ ಉಣ್ತೇವ್ರಿ, ಮನ್ಯಾಗ ಬ್ಯಾರೆ ಕಾಳಿಲ್ಲ” ಎಂದಳು ಆಕೆ. “ತೊಳದ್ರ ಬೂಷ್ಟು ಹೋಗತೈತಿ ಯವ್ವಾ, ವಿಷ ಹೋಗೂದಿಲ್ಲ. ಪರೀಕ್ಷಾಕ್ಕ ನನಗ ಇಡೀ ಚೀಲನ ಬೇಕು” ಎಂದು ಗುಲಶನ ಅದನ್ನು ಜೀಪಿಗೆ ಹೇರಿಸಿ, ಬದಲಿಗೆ ತಮ್ಮ ಮನೆಗೆಂದು ಕೊಂಡಿದ್ದ ಅಕ್ಕಿಯ ಚೀಲವನ್ನು ಇಳಿಸಿಕೊಟ್ಟರು. ಪರೀಕ್ಷೆಗೆ ಒಂದು ಹಿಡಿ ಅಕ್ಕಿ ಸಾಕು ಎಂಬುದನ್ನು ಅವರು ಅಂಥ ಯಾವ ಮನೆಯಲ್ಲೂ ಬಾಯಿಬಿಟ್ಟವರಲ್ಲ.